ಎರಡು ಕಂಪ್ಯೂಟರ್, ಒಂದೇ ಸ್ಪೀಕರ್: ಲ್ಯಾಪ್‌ಟಾಪ್ ಸೌಂಡ್ ಡೆಸ್ಕ್‌ಟಾಪ್‌ನಲ್ಲಿ ಬರ್ತಿಲ್ವಾ? ದುಡ್ಡು ಖರ್ಚು ಮಾಡೋ ಮುಂಚೆ ಈ ಮೂರು ಹಸಿರು ಪಟ್ಟಿ ನೋಡಿ

ಹಾಸನ: ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಟ್ಯೂಷನ್ ಸೆಂಟರ್, ಗ್ರಾಮ ಒನ್ ಕೇಂದ್ರ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಪೇಟೆಗಳಲ್ಲಿ ಇಂಥ ಕಡೆ ಹಳೇ ಡೆಸ್ಕ್‌ಟಾಪ್ ಪಕ್ಕದಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡೋದು ಈಗ ಮಾಮೂಲು. ನುಡಿ ಫೈಲು, ಪ್ರಿಂಟರ್ ಎಲ್ಲ ಡೆಸ್ಕ್‌ಟಾಪ್‌ನಲ್ಲಿ. ವಿಡಿಯೊ ಎಡಿಟಿಂಗ್, ಆನ್‌ಲೈನ್ ಕ್ಲಾಸು ಲ್ಯಾಪ್‌ಟಾಪ್‌ನಲ್ಲಿ. ಆದರೆ ಒಳ್ಳೇ ಸ್ಪೀಕರ್ ಇರೋದು ಒಂದೇ, ಅದೂ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿರುತ್ತೆ.

ಲ್ಯಾಪ್‌ಟಾಪ್‌ನ ಸೌಂಡನ್ನ ಡೆಸ್ಕ್‌ಟಾಪ್ ಮೂಲಕ ಅದೇ ಸ್ಪೀಕರ್‌ನಲ್ಲಿ ಕೇಳಿಸಬಹುದು. ಕಷ್ಟದ ಕೆಲಸ ಅಲ್ಲ. ಆದರೆ ಒಂದು ಕಡೆ ತಪ್ಪಿದರೂ ಸೌಂಡೇ ಬರಲ್ಲ, ಇಲ್ಲಾ ಕರಕರ ಅನ್ನುತ್ತೆ, ಇಲ್ಲಾ ಗುಂಯ್ ಅನ್ನೋ ಸದ್ದು ನಿಲ್ಲೋದೇ ಇಲ್ಲ. ಆಗ ‘ಸೌಂಡ್ ಕಾರ್ಡ್ ಹೋಗಿದೆ’ ಅಂದುಕೊಂಡು ಹೊಸದು ಹಾಕಿಸುವವರಿದ್ದಾರೆ. ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವವರೂ ಇದ್ದಾರೆ. ಮೊದಲನೆಯದು ಜೇಬಿಗೆ ನಷ್ಟ, ಎರಡನೆಯದು ಜೀವಕ್ಕೇ ಅಪಾಯ. ಎರಡೂ ಬೇಕಿಲ್ಲ. ದೋಷ ಎಲ್ಲಿದೆ ಅಂತ ಐದು ನಿಮಿಷದಲ್ಲಿ ನೀವೇ ಪತ್ತೆ ಮಾಡಬಹುದು. ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ಮೊದಲು ಇದು ಗೊತ್ತಿರಲಿ: ಯಾವುದು ‘ಒಳಗೆ’, ಯಾವುದು ‘ಹೊರಗೆ’

ಸೌಂಡ್ ಹೋಗೋ ದಾರಿ ನೀರಿನ ಪೈಪ್ ಇದ್ದ ಹಾಗೆ. ಒಂದು ಕಡೆ ಹೊರಗೆ ಬರಬೇಕು, ಇನ್ನೊಂದು ಕಡೆ ಒಳಗೆ ಹೋಗಬೇಕು. ಎರಡೂ ಕಡೆ ‘ಹೊರಗೆ’ ಇದ್ದರೆ ಏನೂ ಆಗಲ್ಲ.

ಡೆಸ್ಕ್‌ಟಾಪ್ ಹಿಂದೆ ಸಾಮಾನ್ಯವಾಗಿ ಮೂರು ಬಣ್ಣದ ಸಣ್ಣ ತೂತು ಇರುತ್ತವೆ. ಈ ಬಣ್ಣಗಳು ಮೈಕ್ರೋಸಾಫ್ಟ್, ಇಂಟೆಲ್ ಸೇರಿ ಮಾಡಿದ ‘ಪಿಸಿ 99’ ಅನ್ನೋ ನಿಯಮದಿಂದ ಬಂದವು. ಹಾಗಾಗಿ ಯಾವ ಕಂಪನಿಯ ಬೋರ್ಡ್ ಆದರೂ ಹೆಚ್ಚುಕಮ್ಮಿ ಒಂದೇ ರೀತಿ.

* ಹಸಿರು: ಸೌಂಡ್ ಹೊರಗೆ ಬರುವ ತೂತು. ಸ್ಪೀಕರ್ ಇಲ್ಲಿಗೆ.
* ತಿಳಿ ನೀಲಿ: ಲೈನ್ ಇನ್. ಬೇರೆ ಸಾಧನದ ಸೌಂಡ್ ಒಳಗೆ ಬರುವ ತೂತು. ಲ್ಯಾಪ್‌ಟಾಪ್ ವೈರ್ ಇಲ್ಲಿಗೆ.
* ಗುಲಾಬಿ: ಮೈಕ್. ಇದೂ ಒಳಗೆ ಬರುವುದೇ, ಆದರೆ ಮೈಕ್‌ಗೆ ಮಾತ್ರ.

ಹೆಚ್ಚಿನವರು ಎಡವೋದು ಗುಲಾಬಿ ತೂತಿನಲ್ಲೇ. ಮೈಕ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದಕ್ಕೆ ಆ ತೂತಿನ ಹಿಂದೆ ಸೌಂಡನ್ನ ಬಹಳ ಪಟ್ಟು ಹೆಚ್ಚಿಸುವ ವ್ಯವಸ್ಥೆ ಇರುತ್ತೆ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಬರುವ ಜೋರು ಸಿಗ್ನಲ್ ಅಲ್ಲಿಗೆ ಕೊಟ್ಟರೆ ಸೌಂಡ್ ಒಡೆದು ಕರಕರ ಅನ್ನುತ್ತೆ. ಇದು ಸ್ಪೀಕರ್ ಹಾಳಾಗಿದ್ದಲ್ಲ, ತೂತು ತಪ್ಪಿದ್ದು.

ಈ ಕೆಳಗಿನವು ಕೆಲಸ ಮಾಡಲ್ಲ, ಪ್ರಯತ್ನ ಮಾಡೋದೂ ಬೇಡ:

* ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಎಚ್‌ಡಿಎಂಐ ವೈರ್. ಸಾಮಾನ್ಯವಾಗಿ ಎರಡೂ ಕಡೆ ಇರೋದು ಹೊರಗೆ ಕಳಿಸುವ ತೂತೇ.
* ಎರಡೂ ತುದಿಯಲ್ಲಿ ಒಂದೇ ಥರ ಚಪ್ಪಟೆ ಪಿನ್ ಇರುವ ಯುಎಸ್‌ಬಿ ವೈರ್. ಸೌಂಡ್ ಅಂತೂ ಹೋಗಲ್ಲ, ಎರಡು ಕಂಪ್ಯೂಟರ್‌ನ ಕರೆಂಟ್ ಎದುರುಬದುರಾಗಿ ಪೋರ್ಟ್ ಸುಡುವ ಅಪಾಯ ಇದೆ.
* ಒಂದು ಹೆಡ್‌ಫೋನ್ ತೂತಿಗೆ ಎರಡು ಹೆಡ್‌ಫೋನ್ ಹಾಕುವ ‘ವೈ’ ಆಕಾರದ ವೈರನ್ನ ಉಲ್ಟಾ ಬಳಸಿ, ಎರಡು ಕಂಪ್ಯೂಟರನ್ನ ಒಂದೇ ಸ್ಪೀಕರ್‌ಗೆ ಸೇರಿಸೋದು. ಒಂದರ ಸೌಂಡ್ ಇನ್ನೊಂದರೊಳಗೆ ನುಗ್ಗಿ ಎರಡೂ ಕಮ್ಮಿಯಾಗುತ್ತೆ. ಹೆಡ್‌ಫೋನ್ ಸರ್ಕ್ಯೂಟ್‌ಗೂ ಒಳ್ಳೇದಲ್ಲ.

ದಾರಿ 1: ಆಕ್ಸ್ ವೈರ್

ಮೂರು ದಾರಿಗಳಲ್ಲಿ ಸುಲಭವಾದ್ದು, ನಂಬಿಕಸ್ತವಾದ್ದು ಇದೇ. ಎರಡೂ ತುದಿಯಲ್ಲಿ 3.5 ಎಂಎಂ ಪಿನ್ ಇರುವ ಆಕ್ಸ್ ವೈರ್ ಒಂದು ಸಾಕು, ಮೊಬೈಲ್ ಅಂಗಡಿಯಲ್ಲೇ ಸಿಗುತ್ತೆ. ತಗೊಳ್ಳುವಾಗ ಪಿನ್ ಮೇಲೆ ಎರಡು ಕಪ್ಪು ಗೆರೆ ಇದೆಯಾ ನೋಡಿ. ಎರಡು ಗೆರೆ ಅಂದ್ರೆ ಎಡ, ಬಲ ಎರಡೂ ಸೌಂಡ್ ಹೋಗುತ್ತೆ.

ಜೋಡಿಸುವ ಕ್ರಮ:

1. ಲ್ಯಾಪ್‌ಟಾಪ್ ಸೌಂಡ್ ಪೂರ್ತಿ ಕಮ್ಮಿ ಮಾಡಿ. ವೈರ್‌ನ ಒಂದು ತುದಿ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಹಾಕಿ. ‘ಯಾವ ಸಾಧನ ಹಾಕಿದಿರಿ’ ಅಂತ ಪರದೆ ಮೇಲೆ ಕೇಳಿದರೆ ‘ಹೆಡ್‌ಫೋನ್’ ಅಥವಾ ‘ಲೈನ್ ಔಟ್’ ಆರಿಸಿ, ‘ಹೆಡ್‌ಸೆಟ್’ ಬೇಡ.
2. ಇನ್ನೊಂದು ತುದಿ ಡೆಸ್ಕ್‌ಟಾಪ್ ಹಿಂದಿನ ತಿಳಿ ನೀಲಿ ತೂತಿಗೆ.
3. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್ ಅಂತ ಮಧ್ಯೆ ಜಾಗ ಬಿಡದೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ 7, 10, 11 ಮೂರರಲ್ಲೂ ಇದರಿಂದ ಸೌಂಡ್ ಕಿಟಕಿ ತೆರೆಯುತ್ತೆ.
4. ‘ರೆಕಾರ್ಡಿಂಗ್’ ಟ್ಯಾಬ್‌ಗೆ ಹೋಗಿ. ‘ಲೈನ್ ಇನ್’ ಕಾಣದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಶೋ ಡಿಸೇಬಲ್ಡ್ ಡಿವೈಸಸ್’ ಒತ್ತಿ. ಆಮೇಲೆ ಲೈನ್ ಇನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ಕೊಡಿ.
5. ಅದರ ‘ಪ್ರಾಪರ್ಟೀಸ್’ ತೆರೆದು ‘ಲಿಸನ್’ ಟ್ಯಾಬ್‌ನಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಪಕ್ಕ ಟಿಕ್ ಹಾಕಿ. ಕೆಳಗೆ ನಿಮ್ಮ ಸ್ಪೀಕರ್ ಆರಿಸಿ ‘ಅಪ್ಲೈ’ ಒತ್ತಿ.
6. ಈಗ ಲ್ಯಾಪ್‌ಟಾಪ್‌ನಲ್ಲಿ ಒಂದು ಹಾಡು ಹಾಕಿ, ಸೌಂಡ್ ನಿಧಾನಕ್ಕೆ ಏರಿಸಿ.

ಐದನೇ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ಸರಿಯಿದ್ದರೂ ಸೌಂಡ್ ಬರಲ್ಲ. ಯಾಕಂದ್ರೆ ಡೆಸ್ಕ್‌ಟಾಪ್ ಒಳಗೆ ಬಂದ ಸೌಂಡನ್ನ ‘ರೆಕಾರ್ಡ್ ಮಾಡೋಕೆ ಬಂದಿದ್ದು’ ಅಂತ ತಿಳಿಯುತ್ತೆ. ಸ್ಪೀಕರ್‌ಗೆ ಕಳಿಸು ಅಂತ ನಾವೇ ಹೇಳಬೇಕು.

ಮೂರು ಹಸಿರು ಪಟ್ಟಿ: ದೋಷ ಹಿಡಿಯುವ ಕೀಲಿ

ಅದೇ ಸೌಂಡ್ ಕಿಟಕಿಯಲ್ಲಿ ಪ್ರತಿ ಸಾಧನದ ಪಕ್ಕ ಒಂದು ಸಣ್ಣ ಪಟ್ಟಿ ಇರುತ್ತೆ. ಸೌಂಡ್ ಹಾದು ಹೋಗ್ತಿದ್ದರೆ ಅದು ಹಸಿರಾಗಿ ಮೇಲೆ ಕೆಳಗೆ ಕುಣಿಯುತ್ತೆ. ಹಾಡು ಹಾಕಿಟ್ಟು ಈ ಮೂರು ಪಟ್ಟಿಗಳನ್ನ ಸಾಲಾಗಿ ನೋಡಿ.

ಒಂದನೇ ಪಟ್ಟಿ: ಲ್ಯಾಪ್‌ಟಾಪ್‌ನ ‘ಪ್ಲೇಬ್ಯಾಕ್’ ಟ್ಯಾಬ್. ಇಲ್ಲಿ ಹೆಡ್‌ಫೋನ್ ಅಥವಾ ಸ್ಪೀಕರ್ ಪಕ್ಕದ ಪಟ್ಟಿ ಕುಣಿಯಬೇಕು. ಕುಣಿಯದಿದ್ದರೆ ಲ್ಯಾಪ್‌ಟಾಪೇ ಸೌಂಡ್ ಕಳಿಸ್ತಿಲ್ಲ. ಎಚ್‌ಡಿಎಂಐ ಅಥವಾ ಬ್ಲೂಟೂತ್ ಪಕ್ಕ ಕುಣಿತಿದ್ದರೆ ಸೌಂಡ್ ಬೇರೆ ಕಡೆ ಹೋಗ್ತಿದೆ ಅಂತ ಅರ್ಥ. ಸರಿಯಾದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡಿಫಾಲ್ಟ್’ ಕೊಡಿ.

ಎರಡನೇ ಪಟ್ಟಿ: ಡೆಸ್ಕ್‌ಟಾಪ್‌ನ ‘ರೆಕಾರ್ಡಿಂಗ್’ ಟ್ಯಾಬ್‌ನಲ್ಲಿ ಲೈನ್ ಇನ್. ಒಂದನೇ ಪಟ್ಟಿ ಕುಣಿದು ಇದು ಕುಣಿಯದಿದ್ದರೆ ತಪ್ಪು ವೈರ್‌ನಲ್ಲಿದೆ, ಇಲ್ಲಾ ತೂತಿನಲ್ಲಿದೆ. ಅದೇ ವೈರನ್ನ ಲ್ಯಾಪ್‌ಟಾಪ್‌ನಿಂದ ನೇರ ಸ್ಪೀಕರ್‌ನ ಆಕ್ಸ್ ತೂತಿಗೆ ಹಾಕಿ ನೋಡಿ. ಅಲ್ಲಿ ಬಂದರೆ ವೈರ್ ಚೆನ್ನಾಗಿದೆ, ಡೆಸ್ಕ್‌ಟಾಪ್‌ನ ತೂತು ಅಥವಾ ಡ್ರೈವರ್ ನೋಡಬೇಕು. ಅಲ್ಲೂ ಬರದಿದ್ದರೆ ವೈರ್ ಬದಲಿಸಿ.

ಮೂರನೇ ಪಟ್ಟಿ: ಡೆಸ್ಕ್‌ಟಾಪ್‌ನ ‘ಪ್ಲೇಬ್ಯಾಕ್’ ಟ್ಯಾಬ್‌ನಲ್ಲಿ ಸ್ಪೀಕರ್. ಎರಡನೇದು ಕುಣಿದು ಇದು ಸುಮ್ಮನಿದ್ದರೆ ತಪ್ಪು ಸೆಟ್ಟಿಂಗ್‌ನಲ್ಲಿದೆ. ‘ಲಿಸನ್’ ಟಿಕ್ ಇದೆಯಾ ನೋಡಿ. ವಿಂಡೋಸ್ 10, 11ರಲ್ಲಿ ‘ಸೆಟ್ಟಿಂಗ್ಸ್’ ಒಳಗೆ ‘ಪ್ರೈವಸಿ’, ಅಲ್ಲಿ ‘ಮೈಕ್ರೊಫೋನ್’ ಆಫ್ ಇದ್ದರೂ ಲಿಸನ್ ಕೆಲಸ ಮಾಡದೆ ಹೋಗಬಹುದು, ಅದನ್ನೂ ಆನ್ ಮಾಡಿ ನೋಡಿ.

ಮೂರೂ ಪಟ್ಟಿ ಕುಣಿತಿವೆ, ಆದರೂ ಸೌಂಡ್ ಇಲ್ಲ ಅಂದ್ರೆ ಎರಡೂ ಕಂಪ್ಯೂಟರ್ ತಮ್ಮ ಕೆಲಸ ಮಾಡಿವೆ. ಸ್ಪೀಕರ್‌ನ ಸ್ವಿಚ್, ವಾಲ್ಯೂಮ್, ಹಸಿರು ತೂತಿನ ಪಿನ್ ನೋಡಿ. ಬ್ಲೂಟೂತ್ ಇರುವ ಸ್ಪೀಕರ್ ಆದರೆ ‘ಮೋಡ್’ ಬಟನ್ ಒತ್ತಿ ಆಕ್ಸ್‌ಗೆ ತನ್ನಿ.

ಅಂಗಡಿಗೆ ರಿಪೇರಿಗೆ ಕೊಡೋದಾದರೂ ‘ಎರಡನೇ ಪಟ್ಟಿ ಕುಣೀತಿಲ್ಲ’ ಅಂತ ಹೇಳಿ ಕೊಡಿ. ಸುಮ್ಮನೆ ‘ಸೌಂಡ್ ಬರ್ತಿಲ್ಲ’ ಅಂದರೆ ಎಲ್ಲಾ ಬಿಚ್ಚಿ ನೋಡಬೇಕಾಗುತ್ತೆ, ಹೊತ್ತೂ ಹೋಗುತ್ತೆ, ದುಡ್ಡೂ ಹೋಗುತ್ತೆ.

ನೀಲಿ ತೂತೇ ಇಲ್ಲದಿದ್ದರೆ?

ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಎರಡೇ ತೂತು ಇರುತ್ತೆ. ಗುಲಾಬಿಯನ್ನೇ ಬಳಸಬೇಕಾದರೆ ಮೈಕ್ ಪ್ರಾಪರ್ಟೀಸ್‌ನ ‘ಲೆವೆಲ್ಸ್’ ಟ್ಯಾಬ್‌ನಲ್ಲಿ ‘ಮೈಕ್ ಬೂಸ್ಟ್’ ಸೊನ್ನೆಗೆ ಇಳಿಸಿ. ಲ್ಯಾಪ್‌ಟಾಪ್ ಸೌಂಡ್ ನೂರಕ್ಕೆ ಹತ್ತರಿಂದ ಶುರು ಮಾಡಿ, ಒಡೆಯೋಕೆ ಶುರುವಾದ ಕೂಡಲೇ ಸ್ವಲ್ಪ ಇಳಿಸಿ ನಿಲ್ಲಿಸಿ. ಪಾಠ, ಮಾತು ಕೇಳೋಕೆ ಅಡ್ಡಿಯಿಲ್ಲ. ಮದುವೆ ವಿಡಿಯೊಗೆ ಹಾಡು ಕೂರಿಸುವ ಸ್ಟುಡಿಯೊ ಕೆಲಸಕ್ಕೆ ಸಾಲಲ್ಲ.

ಕಡಿಮೆ ಬೆಲೆಯ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳುವವರು ಗಮನಿಸಿ. ಅದರಲ್ಲಿ ಹೆಚ್ಚಾಗಿ ಇರೋದು ಮೈಕ್ ತೂತು, ಅದೂ ಎಡ ಬಲ ಬೇರೆ ಇಲ್ಲದ ಮೋನೊ. ‘ಲೈನ್ ಇನ್ ಇದೆಯಾ, ಸ್ಟೀರಿಯೊನಾ’ ಅಂತ ಕೇಳಿಯೇ ತಗೊಳ್ಳಿ. ಸ್ಪೀಕರ್‌ನಲ್ಲೇ ಆಕ್ಸ್, ಬ್ಲೂಟೂತ್ ಎರಡೂ ಇದ್ದರೆ ಇದ್ಯಾವುದೂ ಬೇಡ. ಡೆಸ್ಕ್‌ಟಾಪ್ ವೈರ್‌ನಲ್ಲಿ, ಲ್ಯಾಪ್‌ಟಾಪ್ ಬ್ಲೂಟೂತ್‌ನಲ್ಲಿ ಇಟ್ಟು ಮೋಡ್ ಬಟನ್‌ನಿಂದ ಬದಲಿಸಿಕೊಳ್ಳಬಹುದು. ಎರಡರ ಸೌಂಡೂ ಒಟ್ಟಿಗೆ ಬೇಕು ಅನ್ನುವವರಿಗೆ ಸಣ್ಣ ಆಡಿಯೊ ಮಿಕ್ಸರ್ ಸರಿ.

ಗುಂಯ್ ಸದ್ದು: ಅರ್ಥ್ ಪಿನ್ ಮುಟ್ಟಬೇಡಿ

ವೈರ್ ಸರಿ, ಸೆಟ್ಟಿಂಗ್ ಸರಿ, ಹಾಡೂ ಬರ್ತಿದೆ. ಆದರೆ ಹಿಂದೆ ಗುಂಯ್ ಅನ್ನೋ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ‘ಗ್ರೌಂಡ್ ಲೂಪ್’.

ನಮ್ಮ ಮನೆಗೆ ಬರೋದು 230 ವೋಲ್ಟ್, 50 ಹರ್ಟ್ಸ್ ಕರೆಂಟ್. ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಡೆಸ್ಕ್‌ಟಾಪ್ ಇನ್ನೊಂದು ಗೋಡೆಯ ಸಾಕೆಟ್‌ನಲ್ಲಿ ಇದ್ದರೆ ಎರಡರ ಅರ್ಥ್ ನಡುವೆ ಸ್ವಲ್ಪ ವ್ಯತ್ಯಾಸ ಇರುತ್ತೆ. ಆಕ್ಸ್ ವೈರ್ ಹಾಕಿದ ಕೂಡಲೇ ಆ ವ್ಯತ್ಯಾಸದ ಕರೆಂಟ್ ವೈರ್‌ನ ಮೇಲ್ಪದರದಲ್ಲಿ ಹರಿದು 50 ಅಥವಾ 100 ಹರ್ಟ್ಸ್‌ನ ಗುಂಯ್ ಸದ್ದಾಗಿ ಕೇಳುತ್ತೆ.

ಪರಿಹಾರ ಹೀಗೆ:

* ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಸ್ಪೀಕರ್ ಮೂರನ್ನೂ ಒಂದೇ ಒಳ್ಳೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸದ್ದು ನಿಲ್ಲುತ್ತೆ.
* ಆಮೇಲೂ ಇದ್ದರೆ ಆಕ್ಸ್ ವೈರ್ ಮಧ್ಯೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಹಾಕಿ. ಸಣ್ಣ ಡಬ್ಬಿಯಂಥದ್ದು, ಕಾರ್ ಸ್ಟೀರಿಯೊ ಸಾಮಾನು ಮಾರುವ ಕಡೆ ಕೇಳಿ.
* ಆಕ್ಸ್ ವೈರನ್ನ ಕರೆಂಟ್ ವೈರ್ ಜೊತೆ ಸುತ್ತಿ ಕಟ್ಟಬೇಡಿ.

ಅರ್ಥ್ ಪಿನ್ ಮುರಿದರೆ ಅಥವಾ ಮೂರು ಪಿನ್ ಪ್ಲಗ್ಗನ್ನ ಎರಡು ಪಿನ್ ಮಾಡಿದರೆ ಗುಂಯ್ ನಿಲ್ಲಬಹುದು. ಆದರೆ ನಾಳೆ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಒಳಗೆ ಏನಾದರೂ ತಗುಲಿದರೆ ಆ ಕರೆಂಟ್ ಭೂಮಿಗೆ ಹೋಗೋ ದಾರಿ ಇರಲ್ಲ. ಕ್ಯಾಬಿನೆಟ್ ಮುಟ್ಟಿದವರ ಮೈಯೊಳಗೇ ಹೋಗುತ್ತೆ. ಕಂಪ್ಯೂಟರ್ ಮೈ ಮುಟ್ಟಿದಾಗ ಈಗಲೇ ‘ಜುಂ’ ಅನ್ನುತ್ತಾ? ಹಾಗಿದ್ದರೆ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿಯಿಲ್ಲದೇ ಇರಬಹುದು, ಹಳೇ ಕಟ್ಟಡಗಳಲ್ಲಿ ಇದು ಸಾಮಾನ್ಯ. ಸೌಂಡ್ ಆಮೇಲೆ, ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಕಂಬದಿಂದ ಮೀಟರ್ ತನಕದ ತೊಂದರೆ ಆದರೆ ನಿಮ್ಮ ಸೆಸ್ಕ್ ಉಪವಿಭಾಗಕ್ಕೆ ದೂರು ಕೊಡಿ.

ಇನ್ನೊಂದು ಮಾತು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಸದ್ದು ಬರ್ತಿದ್ದರೆ ತಪ್ಪು ಕಂಪ್ಯೂಟರ್‌ದಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಸ್ಪೀಕರ್ ಗುಂಯ್‌ಗುಡೋದು ಸಹಜ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಕಮ್ಮಿ. ಇನ್ನು ಗುಡುಗು ಮಿಂಚಿನ ಮಳೆ ಬರುವಾಗ ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ, ಇಂಟರ್ನೆಟ್ ವೈರೂ ಕೀಳಿ. ಎರಡು ಕಂಪ್ಯೂಟರ್ ಒಂದೇ ವೈರ್‌ನಲ್ಲಿ ಸೇರಿಸಿದ್ದರೆ ಒಂದಕ್ಕೆ ಬಂದ ಸಿಡಿಲಿನ ಏಟು ಇನ್ನೊಂದಕ್ಕೂ ಹೋಗಬಹುದು.

ದಾರಿ 2: ಬ್ಲೂಟೂತ್

ವೈರ್ ಬೇಡ ಅನ್ನುವವರಿಗೆ ಇದು. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10ರ ಮೇ 2020ರ ಅಪ್‌ಡೇಟ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಆ ಅಪ್‌ಡೇಟ್‌ನಿಂದ ಕಂಪ್ಯೂಟರೇ ಬ್ಲೂಟೂತ್ ಸ್ಪೀಕರ್ ಥರ ಬೇರೆ ಸಾಧನದ ಸೌಂಡ್ ತಗೊಳ್ಳಬಹುದು. ನಿಮ್ಮದು ಯಾವುದು ಅಂತ ತಿಳಿಯೋಕೆ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ ಇಂಗ್ಲಿಷ್‌ನಲ್ಲಿ ‘ವಿನ್‌ವರ್’ ಅಂತ, ಅಂದ್ರೆ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಅಂತ ಟೈಪ್ ಮಾಡಿ. ಆವೃತ್ತಿ ‘2004’ ಅಥವಾ ಅದಕ್ಕಿಂತ ಮುಂದಿನದು ಇರಬೇಕು.

ಡೆಸ್ಕ್‌ಟಾಪ್‌ನಲ್ಲಿ ಬ್ಲೂಟೂತ್ ಇಲ್ಲದಿದ್ದರೆ ಯುಎಸ್‌ಬಿ ಡಾಂಗಲ್ ಹಾಕಿ. ಎರಡನ್ನೂ ಪೇರ್ ಮಾಡಿ. ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ಬ್ಲೂಟೂತ್ ಆಡಿಯೊ ರಿಸೀವರ್’ ಹಾಕಿಕೊಂಡು, ಲ್ಯಾಪ್‌ಟಾಪ್ ಹೆಸರು ಆರಿಸಿ ‘ಓಪನ್ ಕನೆಕ್ಷನ್’ ಒತ್ತಿ. ಪೇರ್ ಆಗಿದೆ ಆದರೂ ಸೌಂಡ್ ಇಲ್ಲ ಅನ್ನುವವರು ಹೆಚ್ಚಾಗಿ ಮರೆತಿರೋದು ಈ ಕೊನೇ ಹೆಜ್ಜೆಯನ್ನೇ.

ಬ್ಲೂಟೂತ್‌ನಲ್ಲಿ ಸೌಂಡ್ ಸ್ವಲ್ಪ ತಡವಾಗಿ ಬರುತ್ತೆ. ಹಾಡು, ಪಾಠ ಕೇಳೋಕೆ ಗೊತ್ತಾಗಲ್ಲ. ವಿಡಿಯೊ ಎಡಿಟ್ ಮಾಡುವವರಿಗೆ ಮಾತ್ರ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತೆ. ಎಡಿಟಿಂಗ್‌ಗೆ ವೈರೇ ವಾಸಿ.

ದಾರಿ 3: ವೈಫೈ ಅಥವಾ ನೆಟ್‌ವರ್ಕ್ ವೈರ್

ಎರಡು ಕಂಪ್ಯೂಟರ್ ದೂರ ಇದ್ದರೆ, ಗ್ರೌಂಡ್ ಲೂಪ್ ಕಾಟ ತಪ್ಪದಿದ್ದರೆ ಈ ದಾರಿ. ‘ವಾಯ್ಸ್‌ಮೀಟರ್’ ಅನ್ನೋ ಸಾಫ್ಟ್‌ವೇರ್‌ನಲ್ಲಿ ‘ವಿಬ್ಯಾನ್’ ಅಂತ ಒಂದು ಸೌಲಭ್ಯ ಇದೆ. ಎರಡರಲ್ಲೂ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಡಿಫಾಲ್ಟ್ ಪ್ಲೇಬ್ಯಾಕ್ ‘ವಾಯ್ಸ್‌ಮೀಟರ್ ಇನ್‌ಪುಟ್’ ಇರಬೇಕು. ವಿಬ್ಯಾನ್ ತೆರೆದು ಹೊರಹೋಗುವ ಸ್ಟ್ರೀಮ್‌ಗೆ ಡೆಸ್ಕ್‌ಟಾಪ್‌ನ ಐಪಿ ನಂಬರ್ ಕೊಡಿ. ಡೆಸ್ಕ್‌ಟಾಪ್‌ನಲ್ಲಿ ಒಳಬರುವ ಸ್ಟ್ರೀಮ್ ಆನ್ ಮಾಡಿ, ‘ಎ1’ ಜಾಗದಲ್ಲಿ ನಿಮ್ಮ ಸ್ಪೀಕರ್ ಆರಿಸಿ.

ಬರದಿದ್ದರೆ ಈ ನಾಲ್ಕು ನೋಡಿ:

* ಸ್ಟ್ರೀಮ್ ಹೆಸರು ಎರಡೂ ಕಡೆ ಅಕ್ಷರ ತಪ್ಪದೆ ಒಂದೇ ಇರಬೇಕು. ಪೋರ್ಟ್ ನಂಬರ್ ಎರಡೂ ಕಡೆ 6980.
* ಎರಡೂ ಒಂದೇ ವೈಫೈನಲ್ಲಿರಬೇಕು. ಒಂದು ರೂಟರ್‌ಗೆ, ಇನ್ನೊಂದು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿದ್ದರೆ ಆಗಲ್ಲ. ‘ಗೆಸ್ಟ್’ ವೈಫೈನಲ್ಲೂ ಹೆಚ್ಚಾಗಿ ಆಗಲ್ಲ.
* ಫೈರ್‌ವಾಲ್ ತಡೀತಿರಬಹುದು. ಅದನ್ನ ಪೂರ್ತಿ ಆಫ್ ಮಾಡಬೇಡಿ. ನೆಟ್‌ವರ್ಕನ್ನ ‘ಪ್ರೈವೇಟ್’ ಮಾಡಿ, ವಾಯ್ಸ್‌ಮೀಟರ್‌ಗೆ ಮಾತ್ರ ಅನುಮತಿ ಕೊಡಿ.
* ಸೌಂಡ್ ತುಂಡು ತುಂಡಾಗಿ ಬಂದರೆ ವೈಫೈ ಬಿಟ್ಟು ನೆಟ್‌ವರ್ಕ್ ವೈರ್ ಹಾಕಿ. ಎರಡೂ ಕಡೆ ಸ್ಯಾಂಪಲ್ ರೇಟ್ 48000 ಇಡಿ.

‘ಇದಕ್ಕೆ ಡೇಟಾ ಖರ್ಚಾಗುತ್ತಾ?’ ಇಲ್ಲ. 48000 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್ ಗುಣಿಸಿದರೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್. ಅದು ನಿಮ್ಮ ರೂಟರ್ ಒಳಗೇ ಓಡಾಡುತ್ತೆ, ಹೊರಗೆ ಇಂಟರ್ನೆಟ್‌ಗೆ ಹೋಗಲ್ಲ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ.

ಜನ ಕೇಳುವ ಪ್ರಶ್ನೆಗಳು

‘ಲಿಸನ್’ ಟಿಕ್ ಹಾಕಿದ ಕೂಡಲೇ ಕುಂಯ್ ಅಂತ ಕಿರುಚುತ್ತೆ, ಯಾಕೆ? ಲೈನ್ ಇನ್ ಬದಲು ಮೈಕ್‌ಗೆ ಟಿಕ್ ಹಾಕಿರುತ್ತೀರಿ. ಸ್ಪೀಕರ್ ಸೌಂಡ್ ಮೈಕ್‌ಗೆ, ಮೈಕ್ ಸೌಂಡ್ ಸ್ಪೀಕರ್‌ಗೆ ಸುತ್ತುತ್ತಿದೆ. ಟಿಕ್ ತೆಗೆಯಿರಿ.

ಆನ್‌ಲೈನ್ ಕ್ಲಾಸ್‌ನಲ್ಲಿ ಮಕ್ಕಳಿಗೆ ಮೇಷ್ಟ್ರ ಮಾತು ಎರಡೆರಡು ಸಲ ಕೇಳುತ್ತೆ? ದೊಡ್ಡ ಸ್ಪೀಕರ್‌ನ ಸೌಂಡ್ ಲ್ಯಾಪ್‌ಟಾಪ್ ಮೈಕ್‌ಗೆ ಹೋಗ್ತಿದೆ. ಸ್ಪೀಕರ್ ದೂರ ಇಡಿ, ಮಾತಾಡದಿದ್ದಾಗ ಮೈಕ್ ಮ್ಯೂಟ್ ಮಾಡಿ.

ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋದಾಗ ಸೌಂಡ್ ಎಲ್ಲಿ ಬರಬೇಕು? ಕನೆಕ್ಟ್ ಆಗುವ ಮುಂಚೆ ‘ಲೋಕಲ್ ರಿಸೋರ್ಸಸ್’ ಟ್ಯಾಬ್‌ನ ‘ರಿಮೋಟ್ ಆಡಿಯೊ’ದಲ್ಲಿ ಈ ಕಡೆ ಬರಬೇಕೋ, ಆ ಕಡೆಯೇ ಇರಬೇಕೋ ಅಂತ ಆರಿಸಬಹುದು.

ಹಳೇ ವಿಂಡೋಸ್‌ನಲ್ಲೇ ಇದ್ದರೆ ತೊಂದರೆಯಾ? ಆಕ್ಸ್ ವೈರ್‌ಗೆ ತೊಂದರೆ ಇಲ್ಲ. ಆದರೆ ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿದೆ. ಅಂಥ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಕೆಲಸ ಮಾಡದೆ ಇರೋದು ಒಳ್ಳೇದು.

‘ಕಸ್ಟಮರ್ ಕೇರ್’ ನಂಬರ್ ಹುಡುಕುವ ಮುಂಚೆ

ಸೌಂಡ್ ಬರಲಿಲ್ಲ ಅಂತ ಗೂಗಲ್‌ನಲ್ಲಿ ಹೆಲ್ಪ್‌ಲೈನ್ ನಂಬರ್ ಹುಡುಕಿ ಫೋನ್ ಮಾಡೋದು ಅಪಾಯ. ಹಾಗೆ ಸಿಗುವ ನಂಬರ್‌ಗಳಲ್ಲಿ ನಕಲಿಯೂ ಇರುತ್ತವೆ. ಆ ಕಡೆಯವರು ‘ನಾವೇ ಸರಿ ಮಾಡ್ತೀವಿ ಸರ್’ ಅಂತ ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿಸಿ ಕೋಡ್ ಕೇಳುತ್ತಾರೆ. ಆ ಸಾಫ್ಟ್‌ವೇರ್‌ಗಳು ಕೆಟ್ಟವಲ್ಲ. ಆದರೆ ಕೋಡ್ ಕೊಟ್ಟ ಮೇಲೆ ನಿಮ್ಮ ಕಂಪ್ಯೂಟರ್ ಅವರ ಕೈಯಲ್ಲಿ ಇದ್ದ ಹಾಗೆ. ಗಿರಾಕಿಗಳ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಲಾಗಿನ್ ಎಲ್ಲಾ ಇರೋ ಅಂಗಡಿ ಕಂಪ್ಯೂಟರ್‌ನಲ್ಲಿ ಇದು ನಿಮ್ಮ ಒಬ್ಬರ ನಷ್ಟಕ್ಕೆ ಮುಗಿಯಲ್ಲ.

ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಫೋನ್ ಮಾಡಲ್ಲ. ಅದರ ಎರರ್ ಮೆಸೇಜ್‌ನಲ್ಲಿ ಫೋನ್ ನಂಬರ್ ಇರಲ್ಲ. ಇದ್ದರೆ ಅದು ಮೋಸ. ಡ್ರೈವರ್ ಬೇಕಾದರೆ ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟ್‌ನಿಂದಲೇ ತಗೊಳ್ಳಿ, ‘ಡ್ರೈವರ್ ಅಪ್‌ಡೇಟರ್’ ಅನ್ನೋ ಸಾಫ್ಟ್‌ವೇರ್ ಹಾಕಬೇಡಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕ್‌ಗೂ ತಿಳಿಸಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಿ.

ಗೋಡೆಗೆ ಅಂಟಿಸಿಕೊಳ್ಳಿ

* ವೈರ್ ಲ್ಯಾಪ್‌ಟಾಪ್ ಹೆಡ್‌ಫೋನ್ ತೂತಿನಿಂದ ಡೆಸ್ಕ್‌ಟಾಪ್‌ನ ನೀಲಿ ತೂತಿಗೆ.
* ಸೌಂಡ್ ಇಲ್ಲ: ಮೂರು ಹಸಿರು ಪಟ್ಟಿ ಸಾಲಾಗಿ ನೋಡಿ. ಎಲ್ಲಿ ನಿಂತಿದೆಯೋ ಅಲ್ಲೇ ದೋಷ.
* ಕರಕರ: ಗುಲಾಬಿ ತೂತಿನಲ್ಲಿದೆಯಾ ನೋಡಿ, ಮೈಕ್ ಬೂಸ್ಟ್ ಇಳಿಸಿ.
* ಗುಂಯ್: ಒಂದೇ ಬೋರ್ಡ್‌ಗೆ ಎಲ್ಲಾ ಪ್ಲಗ್, ಇಲ್ಲಾ ಐಸೊಲೇಟರ್. ಅರ್ಥ್ ಪಿನ್ ಮುರಿಯಬೇಡಿ.
* ತಡವಾಗಿ ಬರ್ತಿದೆ: ಬ್ಲೂಟೂತ್ ಬಿಟ್ಟು ವೈರ್ ಬಳಸಿ.
* ಸೌಂಡ್ ಕಾರ್ಡ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ, ಮೊದಲು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ಸ್ಪೀಕರ್ ಓಡಿಸಿ ತೋರಿಸಿ ಅಂತ ಕೇಳಿ. ಅದರಲ್ಲೂ ಬರದಿದ್ದರೆ ಕಾರ್ಡ್ ಬದಲಿಸಿ ಏನೂ ಪ್ರಯೋಜನ ಇಲ್ಲ.